ಹಾಳು ಬೀಡಿಯ ಲೆಕ್ಕ

ಸ್ಟೇಟ್ ಬ್ಯಾಂಕಿನಲ್ಲಿ ನಿಂತಿದ್ದ ನಲವತ್ತನಾಲ್ಕು ನಂಬರಿನ
ಹಿಂದಿನ ಗಾಜಿನ ಮೇಲೆ ನನ್ನದೇ ಸಾಲು,
ಕೆಂಪು ರೇಡಿಯಂ ಅಕ್ಷರದಲ್ಲಿ:
‘ಕೈ ನಿಮ್ಮದು, ಲೆಕ್ಕ ನಮ್ಮದು.’
ಕೆಳಗೆ ಮೀಸೆ. ಬರೀ ಮೀಸೆ.
ಕಂಡಕ್ಟರ್ ಹುಡುಗ ಎರಡು ರೂಪಾಯಿ ಚಿಲ್ಲರೆ ಕೊಡದೆ
ಅದನ್ನೇ ಹೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು.
ಬರೆದವಳು ನಾನೆಂದು ಹೇಳಲಿಲ್ಲ.
ಹೇಳಿದರೂ ಚಿಲ್ಲರೆ ಬರುತ್ತಿರಲಿಲ್ಲ.

ಹತ್ತು ಪುಟದ ಕತೆ ಅದು.
ಬೀಡಿ ಕಂಟ್ರಾಕ್ಟರ್ ದೂಮಣ್ಣ
ಸಾವಿರದ ಕಟ್ಟು ಬಿಚ್ಚಿ, ಮೂಸಿ, ಹಿಚುಕಿ
ಎಂಬತ್ತು ಹಾಳೆಂದು ಬದಿಗಿಡುತ್ತಾನೆ.
ಹಾಳಾದದ್ದನ್ನು ಬಿಸಾಡುವುದಿಲ್ಲ,
ಸಂಜೆ ಅದಕ್ಕೂ ಲೇಬಲ್ ಹಚ್ಚುತ್ತಾನೆ.
ಕೊನೆಗೆ ಗೃಹಪ್ರವೇಶ:
ಹಾಳು ಬೀಡಿಯಿಂದ ಎದ್ದ ಮಾಳಿಗೆಯ ಬಾಗಿಲಲ್ಲಿ ನಿಂತು
ಹೆಂಗಸರಿಗೆ ಒಂದೊಂದೇ ಲಡ್ಡು ಎಣಿಸಿ ಕೊಡುತ್ತ
‘ಎಲ್ಲ ನಿಮ್ಮ ಆಶೀರ್ವಾದ’ ಅನ್ನುತ್ತಾನೆ.
ಓದಿದವರಿಗೆ ನಗು ಬರಲಿ, ಹೊಟ್ಟೆ ಉರಿಯಲಿ,
ಎರಡೂ ಒಟ್ಟಿಗೆ. ಅಷ್ಟೇ ಇತ್ತು ನನ್ನ ದುರಾಸೆ.

ಮೆಲ್ವಿನ್ ಒಳ್ಳೆಯ ಹುಡುಗ. ಕತೆ ಅವನಿಗೆ ಅರ್ಥವಾಗಿತ್ತು.
ಒಂದು ಮಾತೂ ಬದಲಿಸಲಿಲ್ಲ.
ಕ್ಯಾಮೆರಾ ಮಾತ್ರ ನೆಲದಲ್ಲಿಟ್ಟ,
ಬೀಡಿ ಕಟ್ಟುವವರು ಕೂತು ನೋಡುವ ಎತ್ತರಕ್ಕೆ.
‘ಅವರಿಗೆ ಕಂಡ ಹಾಗೇ ಕಾಣಲಿ ಅಕ್ಕ’ ಎಂದ.
ಅಲ್ಲಿಂದ ನೋಡಿದರೆ ಯಾರೂ ದೊಡ್ಡವರೇ:
ಚಪ್ಪಲಿ, ಪಂಚೆ, ಮೀಸೆ, ಆಕಾಶ.
ಗೇಲಿಗೆಂದು ಹಾಕಿದ ಚೆಂಡೆಗೆ
ಹಾಲ್‌ನಲ್ಲಿ ಜನ ಎದ್ದು ನಿಂತರು.

ಭಾನುವಾರದ ಪುರವಣಿಯಲ್ಲಿ ಒಬ್ಬರು ಬರೆದರು:
‘ಕರಾವಳಿಯ ಸ್ವಾಭಿಮಾನಿ ಉದ್ಯಮಿಯ ಯಶೋಗಾಥೆ.’
ಉಡುಪಿಯ ಇನ್ನೊಬ್ಬರು ಕೆಂಡವಾದರು:
‘ಶೋಷಕನ ಆರಾಧನೆ. ಈ ಕತೆಗಾರ್ತಿ
ಒಂದು ಬೀಡಿಯಾದರೂ ಕಟ್ಟಿದ್ದಾರೆಯೇ?’
ಕಟ್ಟಿದ್ದೇನೆ ಸ್ವಾಮಿ, ಏಳನೇ ಕ್ಲಾಸಿನಿಂದ.
ಇಬ್ಬರಿಗೂ ಉತ್ತರ ಬರೆದೆ, ಹರಿದೆ.
ಇದು ವ್ಯಂಗ್ಯ ಎಂದು ವಿವರಿಸುವುದು
ಸತ್ತ ಬಂಗುಡೆಗೆ ಈಜು ಕಲಿಸಿದ ಹಾಗೆ.

ನಿಜದ ದೂಮಣ್ಣನ ಮಗ (ಹೆಸರು ಬೇಡ,
ತೊಕ್ಕೊಟ್ಟಿನಲ್ಲಿ ಅವರಿಗೆ ಮೂರು ಅಂಗಡಿ)
ಫೋನಿನಲ್ಲಿ ಗದ್ಗದನಾದ:
‘ನಮ್ಮ ಅಪ್ಪನೇ ಎದ್ದು ಬಂದ ಹಾಗಾಯಿತು ಮೇಡಂ.
ಸಣ್ಣದೊಂದು ಸನ್ಮಾನ.’
ಶಾಲು, ಹಣ್ಣಿನ ಬುಟ್ಟಿ, ಪೇಟ.
ಪೇಟ ಇಡಿಸಿಕೊಳ್ಳಲು ಬಗ್ಗಿದೆ. ಬಗ್ಗಲೇಬೇಕಲ್ಲ.
ಮನೆಗೆ ಬಂದು ಎಣಿಸಿದೆ:
ಆರು ಸೇಬು, ಒಂದು ಕೊಳೆತದ್ದು.
ಬದಿಗಿಟ್ಟೆ. ಆಮೇಲೆ
ಕೊಳೆತ ಭಾಗ ಕೊಯ್ದು ಅದನ್ನೂ ತಿಂದೆ.

ರಾತ್ರಿ ಕತೆ ತೆಗೆದು ಓದಿದೆ.
ಒಳ್ಳೊಳ್ಳೆಯ ಮಾತೆಲ್ಲ ಅವನಿಗೇ ಕೊಟ್ಟಿದ್ದೇನೆ.
ಹೆಂಗಸರಿಗೆ ಕೊಟ್ಟದ್ದು
ಕೆಮ್ಮು.

ಅಮ್ಮನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆ.
ಹಾಲ್ ತುಂಬ ಶಿಳ್ಳೆ. ದೂಮಣ್ಣ ಬೀಡಿ ಮೂಸಿದ.
ಎಲ್ಲರೂ ಉಸಿರು ಹಿಡಿದ ಆ ಹೊತ್ತಿಗೆ
ಅಮ್ಮ ಒಬ್ಬಳೇ ನಕ್ಕಳು,
ಮಡಿಲ ಗೆರಸೆ ಕೊಡವಿದಂತೆ, ಜೋರಾಗಿ.
ಮುಂದಿನ ಸಾಲಿನ ಹುಡುಗ ತಿರುಗಿದ:
‘ಅಜ್ಜಿ, ಮಾಸ್ ಸೀನು, ಸುಮ್ಮನಿರಿ.’
ಸುಮ್ಮನಾದಳು. ಐವತ್ತು ವರ್ಷದ ಅಭ್ಯಾಸ.
ಕತ್ತಲಲ್ಲಿ ಬೆರಳು ಮಾತ್ರ
ಸೆರಗಿನ ತುದಿಯನ್ನು ಸುತ್ತಿ, ಮಡಚಿ, ಒತ್ತಿ
ಕಟ್ಟುತ್ತಲೇ ಇದ್ದವು.

ಹೊರಗೆ ಕಬ್ಬಿನ ಹಾಲು ಕುಡಿಯುವಾಗ ಕೇಳಿದೆ,
ನಕ್ಕದ್ದು ಯಾಕೆ?
‘ಎಂಬತ್ತು ಅಂತ ಬರೆದಿದ್ದೀಯಲ್ಲ,’ ಅಂದಳು,
‘ನೂರಿಪ್ಪತ್ತು ತೆಗೆಯುತ್ತಿದ್ದ ಮಾರಾಯ್ತಿ.
ಮೊದಲು ಅವನನ್ನು ಪಾಪದವ ಮಾಡಿದ್ದೇ ನೀನು.’

ಗಾಡಿಯವನು ಚಿಲ್ಲರೆ ಎಣಿಸುತ್ತಿದ್ದ.
ಇಬ್ಬರೂ ಅವನ ಕೈ ನೋಡುತ್ತ ನಿಂತೆವು.